ಹಳೇ ನಂಬರ್ ನಂಬಿ ಕಾಲು ಮುರಿದುಕೊಂಡೆ

ನನ್ನ ಎಡಗಾಲಿನ ಹರಡಿನಲ್ಲಿ ಒಂದು ಪ್ಲೇಟ್, ಏಳು ಸ್ಕ್ರೂ ಇವೆ. ಚಳಿಗಾಲದ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಒಂದೊಂದೂ ಹಾಜರಿ ಹೇಳುತ್ತದೆ. ಪ್ಯಾರಾಚೂಟ್ ಬಿಚ್ಚದೆ ಹೀಗಾಯಿತು ಅಂದುಕೊಳ್ಳಬೇಡಿ. ಚೆನ್ನಾಗೇ ಬಿಚ್ಚಿತ್ತು. ಒಂದು ಸಿಕ್ಕಿಲ್ಲ, ಒಂದು ಹರಕಿಲ್ಲ. ನಾನು ಕೊಂಡಿದ್ದೇ ತಪ್ಪು ಪ್ಯಾರಾಚೂಟ್, ಅಷ್ಟೇ.

ಈಚೆಗೆ ಇಲ್ಲಿ ಅಮೆರಿಕದಲ್ಲಿರುವ ನಮ್ಮವರೇ ಇಬ್ಬರು ಕೇಳಿದರು. "ಮಕ್ಕಳು ದೊಡ್ಡವರಾದರು, ಮತ್ತೆ ಸ್ಕೈಡೈವಿಂಗ್ ಶುರು ಮಾಡೋಣ ಅಂತಿದ್ದೀನಿ. ಯಾವ ಕೆನೊಪಿ ತಗೊಳ್ಳಲಿ?" ಕೆನೊಪಿ ಅಂದರೆ ತಲೆಯ ಮೇಲೆ ಬಿಚ್ಚಿಕೊಳ್ಳುವ ಪ್ಯಾರಾಚೂಟ್ ಬಟ್ಟೆ. ಅವರಿಗೆ ಫೋನಿನಲ್ಲಿ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಿಜ. ಆದರೆ ಇನ್ನೊಬ್ಬರ ಹರಡಿಗಿಂತ ನನ್ನ ನಾಚಿಕೆ ದೊಡ್ಡದಲ್ಲ.

ಮೊದಲು ನನ್ನ ಕಥೆ. 2008ರಿಂದ 2012ರವರೆಗೆ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಜಂಪ್ ಮಾಡುತ್ತಿದ್ದೆ. ಒಟ್ಟು 240 ಜಂಪ್. ಎ, ಬಿ, ಸಿ, ಡಿ ಅಂತ ಏರುವ ಲೈಸೆನ್ಸ್‌ಗಳಲ್ಲಿ ಸಿ ಲೈಸೆನ್ಸ್‌ಗೆ 200 ಬೇಕು, ಅದೂ ಕೈಯಲ್ಲಿತ್ತು. ಮಗಳು ಹುಟ್ಟಿದಳು. ರಿಗ್, ಅಂದರೆ ಬೆನ್ನಿಗೆ ಕಟ್ಟುವ ಪೂರ್ತಿ ಪ್ಯಾರಾಚೂಟ್ ಸೆಟ್, ಮಾರಿದೆ. ಆ ದುಡ್ಡಿಗೆ ತೊಟ್ಟಿಲು, ಕಾರ್ ಸೀಟ್, ಸ್ಟ್ರೋಲರ್ ಬಂತು. ಆಮೇಲೆ ಹತ್ತು ವರ್ಷ ಆಕಾಶ ನೋಡಿದ್ದೆಲ್ಲ ಆಫೀಸಿನ ಕಿಟಕಿಯಿಂದಲೇ. 2022ರಲ್ಲಿ ಹೆಂಡತಿಯೇ "ಹೋಗಿ ಬನ್ನಿ, ಮನೇಲಿ ಮುಖ ಊದಿಸಿಕೊಂಡು ಕೂರೋದಕ್ಕಿಂತ ಅದೇ ವಾಸಿ" ಅಂದಳು.

ಸಿ ಲೈಸೆನ್ಸ್ ಇದ್ದವರು ಆರು ತಿಂಗಳು ಜಂಪ್ ಮಾಡದಿದ್ದರೂ ಮತ್ತೆ ಇನ್‌ಸ್ಟ್ರಕ್ಟರ್ ಕಣ್ಣೆದುರು ಹಾರಿ ತೋರಿಸಬೇಕು ಅನ್ನುತ್ತದೆ ಅಮೆರಿಕದ ಪ್ಯಾರಾಚೂಟ್ ಸಂಘ. ನನ್ನದು ಹತ್ತು ವರ್ಷ. ಅರ್ಧ ದಿನ ನೆಲದ ಮೇಲೆ ಪಾಠ ಆಯಿತು. ಸೂರಿಗೆ ಕಟ್ಟಿದ ಹಾರ್ನೆಸ್‌ನಲ್ಲಿ ನೇತಾಡಿಸಿ ಕಟ್‌ಅವೇ, ಅಂದರೆ ಕೈಕೊಟ್ಟ ಪ್ಯಾರಾಚೂಟನ್ನು ಕಳಚಿ ತುರ್ತಿನದ್ದನ್ನು ಬಿಚ್ಚುವುದು, ಅಭ್ಯಾಸ ಮಾಡಿಸಿದರು. ನಾನು ಬಿಟ್ಟ ಮೇಲೆ, 2013ರಲ್ಲಿ, ನಮ್ಮಂಥ ಲೈಸೆನ್ಸಿನವರು ಪ್ಯಾರಾಚೂಟ್ ಎಳೆಯಬೇಕಾದ ಕನಿಷ್ಠ ಎತ್ತರ 2,000 ಅಡಿಯಿಂದ 2,500ಕ್ಕೆ ಏರಿತ್ತು. ಅದೂ ಗೊತ್ತಾಯಿತು. ಬಾಡಿಗೆಗೆ 210 ಚದರ ಅಡಿಯ ದೊಡ್ಡ ಕೆನೊಪಿ ಕೊಟ್ಟರು. ಅವತ್ತು ಒಳ್ಳೆ ಎದುರುಗಾಳಿ ಇತ್ತು. ನಿಂತ ಬಸ್ಸಿನಿಂದ ಇಳಿದ ಹಾಗೆ ಇಳಿದೆ. ಎರಡು ಹೆಜ್ಜೆ, ಮುಗೀತು.

ನನ್ನನ್ನು ಕೆಡಿಸಿದ್ದು ಆ ಲ್ಯಾಂಡಿಂಗೇ. "ಸೈಕಲ್ ಇದ್ದ ಹಾಗೆ, ಮರೆತು ಹೋಗಲ್ಲ" ಅಂದುಕೊಂಡೆ. ದೊಡ್ಡ ಕೆನೊಪಿ ಮತ್ತು ಎದುರುಗಾಳಿ ಸೇರಿ ನನ್ನನ್ನು ಮೆಲ್ಲಗೆ ಇಳಿಸಿದ್ದವು ಅನ್ನೋದು ಹೊಳೆಯಲೇ ಇಲ್ಲ. "ಇನ್ನೂ ಒಂದಿಪ್ಪತ್ತು ಜಂಪ್ ಬಾಡಿಗೆಯದ್ದರಲ್ಲೇ ಮಾಡು. ಗಾಳಿ ಇಲ್ಲದ ದಿನವೂ ಇಳಿದು ನೋಡು" ಅಂತ ಇನ್‌ಸ್ಟ್ರಕ್ಟರ್ ಸ್ಪಷ್ಟವಾಗಿ ಹೇಳಿದ್ದರು. ನಾನು ಮನಸ್ಸಿನಲ್ಲೇ ಬಾಡಿಗೆ ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಒಬ್ಬ ತನ್ನ ಹಳೆ ರಿಗ್ ಮಾರುತ್ತಿದ್ದಾನೆ ಅಂತ ಗೊತ್ತಾಯಿತು. ಬೆನ್ನಿನ ಚೀಲ ಅಂದರೆ ಕಂಟೇನರ್, ಮುಖ್ಯ ಪ್ಯಾರಾಚೂಟ್ ಅಂದರೆ ಮೇನ್, ತುರ್ತಿನದ್ದು ಅಂದರೆ ರಿಸರ್ವ್, ತಾನಾಗಿ ರಿಸರ್ವ್ ಬಿಚ್ಚುವ ಏಎಡಿ, ಎಲ್ಲ ಸೇರಿ 2,400 ಡಾಲರ್. ಫೋನ್ ಮಾಡಿದೆ. "ಮೇನ್ 150. ಲೈನ್ ಬದಲಾಯಿಸಿ ಇನ್ನೂರು ಜಂಪ್ ಆಗಿರಬಹುದು" ಅಂದ. ಲೈನ್ ಅಂದರೆ ಕೆನೊಪಿಯಿಂದ ನಮ್ಮವರೆಗೆ ಬರುವ ಹಗ್ಗಗಳು. ನನ್ನ ಕಿವಿಗೆ ಬಿದ್ದದ್ದು 150 ಒಂದೇ. 2012ರಲ್ಲಿ ನಾನು ಮಾರಿದ ಕೆನೊಪಿಯೂ 150! ಋಣಾನುಬಂಧ ಅಂದುಕೊಂಡುಬಿಟ್ಟೆ. ಅಗ್ಗ ಸಿಕ್ತು ಅಂತ ಮುಗ್ಗಲು ಜೋಳ ಕೊಂಡವನ ಕಥೆ ಅಜ್ಜಿ ಎಷ್ಟು ಸಲ ಹೇಳಿದ್ದಳೋ.

ಈಗ ಆ 150ರ ಲೆಕ್ಕ ನೋಡಿ. ಕೆನೊಪಿ ಎಷ್ಟು ಜೋರಾಗಿ ಹಾರುತ್ತದೆ ಅನ್ನೋದನ್ನು ಬರೀ ಅದರ ಸೈಜ್ ಹೇಳೋದಿಲ್ಲ. ಅದರ ಕೆಳಗೆ ಎಷ್ಟು ಭಾರ ನೇತಾಡುತ್ತಿದೆ ಅನ್ನೋದೂ ಬೇಕು. ವಿಮಾನದಿಂದ ಹಾರುವಾಗಿನ ಒಟ್ಟು ತೂಕ, ಅಂದರೆ ಮೈ, ಬಟ್ಟೆ, ಶೂ, ಹೆಲ್ಮೆಟ್, ರಿಗ್ ಎಲ್ಲ ಸೇರಿಸಿ ಪೌಂಡ್‌ನಲ್ಲಿ ಹಿಡಿದು, ಕೆನೊಪಿಯ ಚದರ ಅಡಿಯಿಂದ ಭಾಗಿಸಬೇಕು. ಅದೇ ವಿಂಗ್ ಲೋಡಿಂಗ್. 2012ರಲ್ಲಿ ನಾನು 68 ಕೆಜಿ ಇದ್ದೆ. ಸಾಮಾನೆಲ್ಲ ಸೇರಿ 175 ಪೌಂಡ್. 150ರಿಂದ ಭಾಗಿಸಿದರೆ 1.17. ನೂರು ಜಂಪ್‌ವರೆಗೆ 1.0, ಆಮೇಲೆ ಪ್ರತಿ ನೂರಕ್ಕೆ 0.1 ಏರಿಸಬಹುದು ಅನ್ನುವ ಒಂದು ಹೆಬ್ಬೆರಳ ಲೆಕ್ಕ ಜಂಪ್ ಮಾಡುವವರಲ್ಲಿ ಓಡಾಡುತ್ತದೆ. ಅದರ ಪ್ರಕಾರ 240 ಜಂಪ್‌ನವನಿಗೆ 1.17 ಹೆಚ್ಚು ಕಡಿಮೆ ಸರಿಯೇ.

2022ರಲ್ಲಿ ನನ್ನ ತೂಕ 82 ಕೆಜಿ. ಹತ್ತು ವರ್ಷದ ಕುರ್ಚಿ ಕೆಲಸ, ರಾತ್ರಿ ಹತ್ತಕ್ಕೆ ಅನ್ನ ಸಾರು, ಇನ್ನೇನಾಗುತ್ತೆ? ಆಸ್ಪತ್ರೆಯಿಂದ ಬಂದು ತಿಂಗಳುಗಳಾದ ಮೇಲೆ ಒಂದು ದಿನ ರಿಗ್ ಹೊತ್ತು, ಹೆಲ್ಮೆಟ್ ಹಾಕಿ ಬಚ್ಚಲುಮನೆಯ ತೂಕದ ಮೆಷಿನ್ ಮೇಲೆ ನಿಂತೆ. ಎದೆಯ ಪಟ್ಟಿ ಅಡ್ಡ ಬಂದು ನಂಬರ್ ಕಾಣಲಿಲ್ಲ. ಮಗಳು ಬಗ್ಗಿ ಓದಿದಳು, "ಅಪ್ಪಾ, 207." ಭಾಗಿಸಿದರೆ 1.38.

ಅದೇ 150, ಆದರೆ ಬೇರೆ ಪ್ಯಾರಾಚೂಟ್. ಹೀಗಾದರೆ ವೇಗ ಸುಮಾರು ಶೇ. 9 ಏರುತ್ತದೆ. ಅಯ್ಯೋ ಇಷ್ಟೇನಾ ಅನ್ನಿಸಬಹುದು. ಆದರೆ ತೂಕವೂ ಜಾಸ್ತಿ, ವೇಗವೂ ಜಾಸ್ತಿ. ನೆಲಕ್ಕೆ ತಾಗುವಾಗ ಮೈಯಲ್ಲಿರುವ ಶಕ್ತಿ ಶೇ. 40ರಷ್ಟು ಏರಿರುತ್ತದೆ. ಅದನ್ನು ಕೆನೊಪಿ ನುಂಗಬೇಕು. ಇಲ್ಲವೆಂದರೆ ನಿಮ್ಮ ಮೂಳೆ ನುಂಗಬೇಕು. ಈ ಲೆಕ್ಕಕ್ಕೆ ಎಂಟನೇ ಕ್ಲಾಸಿನ ಗಣಿತ ಸಾಕು. ಇಂಜಿನಿಯರಿಂಗ್ ಓದಿದ ನಾನು ಮಾಡಿರಲಿಲ್ಲ.

ತೂಕದ ಜೊತೆಗೆ ಆಕಾರವೂ ಬೇರೆ ಇತ್ತು. ನನ್ನ ಹಳೆಯದು ಹೆಚ್ಚು ಕಡಿಮೆ ಆಯತದ ಹಾಗಿದ್ದ, ತುದಿಯಲ್ಲಿ ಸ್ವಲ್ಪ ಮಾತ್ರ ಕಿರಿದಾಗುವ ಕೆನೊಪಿ. ಇದು ಎಲಿಪ್ಟಿಕಲ್. ಎರಡೂ ತುದಿ ಎಲೆಯ ಹಾಗೆ ಚೂಪು. ತಿರುಗಿಸಲು ಎಳೆಯುವ ಹಿಡಿ, ಅಂದರೆ ಟಾಗಲ್, ಒಂದಿಷ್ಟು ಎಳೆದರೂ ಸರ್ರನೆ ತಿರುಗುತ್ತದೆ, ತಿರುಗುವಾಗ ಎತ್ತರ ಜಾಸ್ತಿ ಕಳೆದುಕೊಳ್ಳುತ್ತದೆ. ಬಿಚ್ಚುವಾಗ ಮೈ ಒಂದು ಕಡೆ ವಾಲಿದ್ದರೂ ಲೈನ್ ತಿರುಚಿಕೊಳ್ಳುತ್ತದೆ. ಎರಡನೇ ಜಂಪ್‌ನಲ್ಲೇ ನಾಲ್ಕು ಸುತ್ತು ತಿರುಚಿತು. ಕಾಲು ಒದ್ದು ಒದ್ದು ಬಿಡಿಸಿಕೊಂಡಾಗ ಆಲ್ಟಿಮೀಟರ್ 2,100 ಅಡಿ ತೋರಿಸುತ್ತಿತ್ತು. ನಮಗೆ ಕಟ್‌ಅವೇ ನಿರ್ಧಾರದ ಗೆರೆ 1,800. ಅವತ್ತೇ ರಿಗ್ ವಾಪಸ್ ಕೊಡಬೇಕಿತ್ತು. "ನಾನೇ ಸರಿಯಾಗಿ ಮಡಚಿಲ್ಲ" ಅಂತ ಪ್ಯಾಕಿಂಗ್ ಮೇಲೆ ಹಾಕಿ ಸುಮ್ಮನಾದೆ.

ಐದನೇ ಜಂಪ್ ಜುಲೈ ತಿಂಗಳ ಮಧ್ಯಾಹ್ನ. 38 ಡಿಗ್ರಿ ಬಿಸಿಲು. ಗಾಳಿ ತೋರಿಸುವ ಚೀಲ ಒಣಗಲು ಹಾಕಿದ ಲುಂಗಿ ಹಾಗೆ ಜೋತು ಬಿದ್ದಿತ್ತು. ಬಿಸಿ ಗಾಳಿ ತೆಳು. ತೆಳು ಗಾಳಿಯಲ್ಲಿ ಕೆನೊಪಿ ಇನ್ನೂ ಜೋರಾಗಿ ಹೋಗುತ್ತದೆ. (ಸಮುದ್ರ ಮಟ್ಟದಿಂದ ಎತ್ತರದ ಊರಿನಲ್ಲೂ ಹೀಗೇ. ರಜೆಗೆ ಬಂದು ಮೈಸೂರಿನಲ್ಲಿ ಹಾರುವ ಆಸೆ ಇದ್ದವರು ನೆನಪಿಡಿ, ಮೈಸೂರು 760 ಮೀಟರ್ ಎತ್ತರದಲ್ಲಿದೆ.) ಸಾವಿರ ಅಡಿಯಲ್ಲಿ ಮೊದಲ ತಿರುವು, ಮುನ್ನೂರಕ್ಕೆ ಕೊನೆಯದು. ಎಲ್ಲ ಪಾಠದಂತೆಯೇ ನಡೆಯಿತು. ಆಮೇಲೆ ನೆಲ ಬರತೊಡಗಿತು. ಎಷ್ಟು ಜೋರಾಗಿ ಅಂದರೆ, ಒಣ ಹುಲ್ಲಿನ ಕಡ್ಡಿಗಳೆಲ್ಲ ಗೆರೆಯಾಗಿ ಕಾಲ ಕೆಳಗೆ ಓಡುತ್ತಿದ್ದವು.

ಹೆದರಿ ಬೇಗ ಫ್ಲೇರ್ ಮಾಡಿದೆ. ಫ್ಲೇರ್ ಅಂದರೆ ಎರಡೂ ಟಾಗಲ್ ಒಟ್ಟಿಗೆ ಕೆಳಗೆಳೆದು ಕೆನೊಪಿಗೆ ಬ್ರೇಕ್ ಹಾಕುವುದು. ಹಳೆಯದರಲ್ಲಿ ಕೈ ಎದೆಗೆ ಬರುವವರೆಗೆ ಏನೂ ಆಗುತ್ತಿರಲಿಲ್ಲ. ಇದು ಕಿವಿಯ ಹತ್ತಿರವೇ ಕಚ್ಚಿತು. ನೆಲದಿಂದ ಹತ್ತಡಿ ಮೇಲೆ ಕೆನೊಪಿ ಮಟ್ಟಸವಾಗಿ ನಿಂತ ಹಾಗಾಯಿತು. ಆಗ ಮಾಡಬೇಕಾದ್ದು ಒಂದೇ: ಕೈ ಇದ್ದಲ್ಲೇ ಹಿಡಿದು, ಕಾಲು ಜೋಡಿಸಿ, ನೆಲ ಹತ್ತಿರ ಬಂದಾಗ ಉಳಿದದ್ದನ್ನು ಎಳೆದು, ಉರುಳಲು ಸಿದ್ಧವಾಗುವುದು. ಮೊದಲ ವಾರದ ವಿದ್ಯಾರ್ಥಿಗೂ ಇದು ಗೊತ್ತು. ನಾನು ಕೈ ಮೇಲಕ್ಕೆ ಬಿಟ್ಟೆ. ಕೆನೊಪಿ ಮುಂದಕ್ಕೆ ಮುಗ್ಗರಿಸಿ ಧುಮುಕಿತು. ಮತ್ತೆ ಎಳೆದೆ. ಅಷ್ಟರಲ್ಲಿ ಎಡಗಾಲು ತಾನಾಗಿ ನೆಲ ಹುಡುಕುತ್ತಾ ಮುಂದೆ ಹೋಗಿತ್ತು. ಕಾಲಿನ ಹಿಂದೆ ಎಡಗೈಯೂ ಹೋಯಿತು. ಎಡಗೈ ತಗ್ಗಿದರೆ ಕೆನೊಪಿ ಎಡಕ್ಕೆ ವಾಲುತ್ತದೆ, ಅಲ್ವಾ? ವಾಲಿತು. ಚಾಚಿದ ಅದೇ ಕಾಲಿನ ಮೇಲೆ ಪೂರ್ತಿ ಭಾರ ಬಿತ್ತು.

ಹಸಿ ಕಬ್ಬಿನ ಜಲ್ಲೆ ಮುರಿದ ಸದ್ದು. ಇದೆಲ್ಲ ಎರಡು ಸೆಕೆಂಡಿನಲ್ಲಿ. ಶೂ ಬೇರೆ ದಿಕ್ಕಿಗೆ ನೋಡುತ್ತಿತ್ತು. ಆಪರೇಷನ್, ಊರುಗೋಲು, ಇನ್ಶೂರೆನ್ಸ್ ಜೊತೆ ಪತ್ರವ್ಯವಹಾರ, ಅದನ್ನೆಲ್ಲ ಬರೆಯೋದಿಲ್ಲ. ಊಹಿಸಿಕೊಳ್ಳಿ.

ಕಿವಿಯ ಹತ್ತಿರವೇ ಯಾಕೆ ಕಚ್ಚಿತು ಅನ್ನೋದು ಆಮೇಲೆ ತಿಳಿಯಿತು. ಗೆಳೆಯನೊಬ್ಬ ರಿಗ್ ಅನ್ನು ಪ್ಯಾರಾಚೂಟ್ ತಪಾಸಣೆ, ರಿಪೇರಿ ಮಾಡುವ ರಿಗ್ಗರ್ ಹತ್ತಿರ ಒಯ್ದ. ಅವರು ಲೈನ್‌ಗಳನ್ನು ಕಂಪನಿಯ ಅಳತೆ ಪಟ್ಟಿಗೆ ಹೋಲಿಸಿದರು. ಟಾಗಲ್‌ಗೆ ಕಟ್ಟಿದ ಬ್ರೇಕ್ ಲೈನ್ ನಾಲ್ಕು ಇಂಚು ಗಿಡ್ಡವಾಗಿತ್ತು. ಬಲಗಡೆಯದು ಎಡಕ್ಕಿಂತ ಇನ್ನೂ ಒಂದಿಂಚು ಕಡಿಮೆ. ಅದು ಸ್ಪೆಕ್ಟ್ರಾ ಅನ್ನುವ ನಾರಿನ ಲೈನ್. ಪ್ರತಿ ಸಲ ಬಿಚ್ಚುವಾಗ ರಭಸ ತಡೆಯುವ ಸ್ಲೈಡರ್ ಅನ್ನುವ ಬಟ್ಟೆ ತುಂಡು ಲೈನ್‌ಗಳನ್ನು ಉಜ್ಜಿಕೊಂಡು ಇಳಿಯುತ್ತದೆ. ಆ ಬಿಸಿಗೆ ಸ್ಪೆಕ್ಟ್ರಾ ಕುಗ್ಗುತ್ತದೆ. ಹೊರಗಡೆಯ ಲೈನ್, ಬ್ರೇಕ್ ಲೈನ್ ಜಾಸ್ತಿ ಕುಗ್ಗುತ್ತವೆ. ಹಾಗಾಗಿ ನಾನು ಕೈ ಪೂರ್ತಿ ಮೇಲಿಟ್ಟಾಗಲೂ ಕೆನೊಪಿ ಸ್ವಲ್ಪ ಬ್ರೇಕ್ ಹಿಡಿದೇ ಹಾರುತ್ತಿತ್ತು. "ಇನ್ನೂರಲ್ಲ, ಈ ಲೈನ್ ಐನೂರು ದಾಟಿದೆ" ಅಂದರಂತೆ ರಿಗ್ಗರ್. ಮಾರಿದವನು ಸುಳ್ಳು ಹೇಳಿದನೋ, ಮರೆತಿದ್ದನೋ. ಕೊಳ್ಳುವ ಮುಂಚೆ ಇದನ್ನು ಅಳೆಸಲು ಎಷ್ಟು ಹೊತ್ತು ಬೇಕಿತ್ತು ಹೇಳಿ? ಒಂದು ಗಂಟೆ.

ಅದೇ ದಿನ ಇನ್ನೊಂದು ವಿಷಯ ಹೊರಬಿತ್ತು. ಕಾಲಿಗಿಂತ ಇದು ನನ್ನನ್ನು ಜಾಸ್ತಿ ಬೆವರಿಸಿತು. ಒಳಗಿದ್ದ ರಿಸರ್ವ್ 126 ಚದರ ಅಡಿ. ನನ್ನ 207 ಪೌಂಡಿಗೆ ವಿಂಗ್ ಲೋಡಿಂಗ್ 1.64. ಮೇನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ರಿಸರ್ವ್ ಸೈಜ್ ಯಾರೂ ಕೇಳೋದಿಲ್ಲ. ಗಾಳಿಯಲ್ಲಿ ಯಾರಿಗಾದರೂ ತಲೆ ತಾಗಿ ಪ್ರಜ್ಞೆ ತಪ್ಪಿತು ಅಂದುಕೊಳ್ಳಿ. ಏಎಡಿ ಸುಮಾರು 750 ಅಡಿಯಲ್ಲಿ ರಿಸರ್ವ್ ಬಿಚ್ಚುತ್ತದೆ. ಆಮೇಲೆ ಫ್ಲೇರ್ ಮಾಡುವವರು ಯಾರು? ಯಾರೂ ಇಲ್ಲ. ಆ ಪುಟ್ಟ ಬಟ್ಟೆ ಹೇಗೆ ಹಾರುತ್ತದೋ ಹಾಗೇ ನೆಲಕ್ಕೆ.

ಸರಿ, ದೊಡ್ಡ ಕೆನೊಪಿ ಹಾಕೋಣ ಅಂದರೆ ಆ ಕಂಟೇನರ್ ಹೊಲಿದಿರೋದೇ ಚಿಕ್ಕದಕ್ಕೆ. 190 ಅದರೊಳಗೆ ಹೋಗೋದೇ ಇಲ್ಲ. ಬ್ಲೌಸ್ ಪೀಸ್‌ನಲ್ಲಿ ಪಂಚೆ ಹೊಲಿಸಲು ಆಗುತ್ತಾ? ಮೊದಲು ಕೆನೊಪಿ ಸೈಜ್ ಗೊತ್ತಾಗಬೇಕು, ಆಮೇಲೆ ರಿಸರ್ವ್, ಕಂಟೇನರ್ ಕೊನೆಗೆ. ಪೂರ್ತಿ ರಿಗ್ ಅಗ್ಗಕ್ಕೆ ಕೊಂಡವರು ಈ ದಾರಿಯನ್ನು ಉಲ್ಟಾ ನಡೆಯುತ್ತಾರೆ.

ಹಾಗಾದರೆ ಏನು ತಗೊಳ್ಳೋದು? ಮೊದಲು ಏನೂ ತಗೋಬೇಡಿ. ಬಾಡಿಗೆಗೆ ಹಾರಿ. ನಿಮ್ಮ ಈಗಿನ ತೂಕಕ್ಕೆ 1.0 ಅಥವಾ ಅದಕ್ಕಿಂತ ಕಡಿಮೆ ಬರುವಂಥದ್ದು ಕೇಳಿ. ನನಗಾದರೆ ಅದು 210. ಇನ್‌ಸ್ಟ್ರಕ್ಟರ್ ಮೊದಲ ದಿನ ಕೊಟ್ಟಿದ್ದೂ ಅದನ್ನೇ ನೋಡಿ! ಗಾಳಿ ಇಲ್ಲದಾಗ, ಅಡ್ಡಗಾಳಿ ಇದ್ದಾಗ ಇಳಿದು ಅಭ್ಯಾಸ ಆಗಲಿ. ನೆಲದ ಹತ್ತಿರ ಯಾರೋ ಅಡ್ಡ ಬಂದರೆ ಎತ್ತರ ಕಳೆಯದೆ ಮೆಲ್ಲಗೆ ತಿರುಗುವ ಫ್ಲಾಟ್ ಟರ್ನ್ ಅನ್ನು ಮೇಲೆ 3,000 ಅಡಿಯಲ್ಲಿ ಹತ್ತು ಸಲ ಮಾಡಿ. ಈಗ ಬಿ ಲೈಸೆನ್ಸ್‌ಗೆ ಕೆನೊಪಿ ಕೋರ್ಸ್ ಕಡ್ಡಾಯ. ನಿಮ್ಮ ಕಾಲದಲ್ಲಿ ಅದು ಇರಲಿಲ್ಲ ಅಂದರೆ ಸಿ, ಡಿ ಅಂತ ಬಿಗುಮಾನ ಮಾಡದೆ ಹೋಗಿ ಕೂತುಕೊಳ್ಳಿ. ನಾನು ಕೂತೆ. ಪಕ್ಕದಲ್ಲಿದ್ದ ಹುಡುಗಿಗೆ ಬರೀ 31 ಜಂಪ್ ಆಗಿತ್ತು. ನನಗಿಂತ ಒಳ್ಳೆ ಪ್ರಶ್ನೆ ಕೇಳುತ್ತಿದ್ದಳು.

ನೆದರ್‌ಲೆಂಡ್ಸ್‌ನಲ್ಲಿ ಯಾರು ಎಂಥ ಕೆನೊಪಿ ಹಾರಿಸಬಹುದು ಅನ್ನೋದಕ್ಕೆ ನಿಯಮವೇ ಇದೆ. ಅಲ್ಲಿ ಒಟ್ಟು ಜಂಪ್ ಜೊತೆಗೆ ಹಿಂದಿನ 12 ತಿಂಗಳ ಜಂಪ್ ಕೂಡ ಲೆಕ್ಕಕ್ಕೆ ಬರುತ್ತದೆ. ಆ ಲೆಕ್ಕದಲ್ಲಿ 2022ರ ಜುಲೈನಲ್ಲಿ ನಾನು 245 ಜಂಪ್‌ನವನಲ್ಲ. ಬೆರಳಲ್ಲಿ ಎಣಿಸಿ ಮುಗಿಸಬಹುದಾದವನು.

ಕಾಲು ಸರಿಹೋಗಲು ಒಂದು ವರ್ಷ ಹಿಡಿಯಿತು. ಈಗ ಬಾಡಿಗೆ 210ರಲ್ಲಿ ತಿಂಗಳಿಗೆ ಮೂರೋ ನಾಲ್ಕೋ ಜಂಪ್. ಆ ಹಳೆ ರಿಗ್ ಹೊಸ ಲೈನ್ ಹಾಕಿಸಿಕೊಂಡು ಗ್ಯಾರೇಜಿನಲ್ಲಿ ಕೂತಿದೆ. ಹಗುರ ಮೈಯ, ವಾರವಾರ ಜಂಪ್ ಮಾಡುವ ಯಾರಿಗಾದರೂ ಸರಿಹೋಗುತ್ತದೆ. ಕಳೆದ ತಿಂಗಳು ಒಬ್ಬರು ಕೊಳ್ಳಲು ಬಂದಿದ್ದರು. ಎಂಟು ವರ್ಷದ ಮೇಲೆ ಮತ್ತೆ ಶುರು ಮಾಡುತ್ತಿದ್ದಾರಂತೆ. "ನಿಮ್ಮ ತೂಕ ಎಷ್ಟು?" ಅಂತ ಕೇಳಿದೆ. "ಅದ್ಯಾಕೆ ಸಾರ್, ನಾನು ಮುಂಚೆನೂ 150 ಹಾರಿಸ್ತಿದ್ದೆ" ಅಂದರು. ಪ್ಯಾಂಟ್ ಮಡಚಿ ಕಾಲು ತೋರಿಸಿದೆ. ಕಾಫಿ ಕುಡಿದು ಹೋದರು.