ಬಳ್ಳಾರಿಯ ಒಂದು ಬ್ಯಾಸ್ಕೆಟ್‌ಬಾಲ್ ತರಬೇತಿ ಕೇಂದ್ರ: ಶುಲ್ಕ ಒಬ್ಬರ ಹೆಸರಿಗೆ, ಪಾಠ ಇನ್ನೊಬ್ಬರದು

ಬಳ್ಳಾರಿ ನಗರದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆಯುತ್ತಿರುವ ಖಾಸಗಿ ಬ್ಯಾಸ್ಕೆಟ್‌ಬಾಲ್ ತರಬೇತಿ ಕೇಂದ್ರವೊಂದಕ್ಕೆ ಈ ಬೇಸಿಗೆಯಲ್ಲಿ ನನ್ನ ಮಗಳನ್ನು ಸೇರಿಸಿದ್ದೆ. ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿರುವ ಅವಳು ಕಾಲೇಜು ತಂಡದಲ್ಲಿ ಗಾರ್ಡ್ ಆಗಿ, ಅಂದರೆ ಚೆಂಡನ್ನು ಮುಂದಕ್ಕೆ ಒಯ್ದು ಆಟ ಕಟ್ಟುವ ಜಾಗದಲ್ಲಿ, ಆಡುತ್ತಾಳೆ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕೆಂಬುದು ಅವಳ ಹಂಬಲ. ಕೇಂದ್ರದ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ನಾನು ಹೆಚ್ಚಾಗಿ ಮೆಚ್ಚಿ ಬರೆಯುವುದು ಅಲ್ಲಿನ ಸಹಾಯಕ ತರಬೇತುದಾರರೊಬ್ಬರ ಕುರಿತು. ಅವರ ಕೆಲಸ ಬಾಯಿಮಾತಿನ ಒಪ್ಪಂದದ ಮೇಲೆ ನಿಂತಿರುವುದರಿಂದ, ಕೇಂದ್ರದ ಹೆಸರು ಹೇಳಿದರೆ ನನ್ನ ಹೊಗಳಿಕೆಯೇ ಅವರಿಗೆ ತೊಡಕಾಗುವ ಸಂಭವವಿದೆ.

ಮೊದಲು ವ್ಯವಸ್ಥೆಯ ವಿಷಯ. ಶುಲ್ಕ ತಿಂಗಳಿಗೆ 2,000 ರೂಪಾಯಿ. ಬೆಳಿಗ್ಗೆ 6ರಿಂದ 8ರವರೆಗೆ ಒಂದು ತಂಡ, ಸಂಜೆ 5.30ರಿಂದ 7.30ರವರೆಗೆ ಇನ್ನೊಂದು. ಏಪ್ರಿಲ್, ಮೇ ತಿಂಗಳ ಬಳ್ಳಾರಿಯಲ್ಲಿ ಬೆಳಗಿನ 8 ಗಂಟೆಯ ನಂತರ ಸಿಮೆಂಟಿನ ಅಂಕಣದ ಮೇಲೆ ಓಡಿಸುವುದು ಶಿಕ್ಷೆಯೇ ಹೊರತು ತರಬೇತಿಯಲ್ಲ ಎಂಬುದನ್ನು ಕೇಂದ್ರದವರು ಅರಿತಿದ್ದಾರೆ. ಕುಡಿಯುವ ನೀರು, ದೀಪದ ಬೆಳಕು ಸಾಕಷ್ಟಿವೆ. ಹುಡುಗಿಯರಿಗೆ 6ನೇ ಅಳತೆಯ ಚೆಂಡು, ಹುಡುಗರಿಗೆ 7ನೇ ಅಳತೆಯ ಚೆಂಡು ಎಂಬ ಕ್ರಮವನ್ನು ತಪ್ಪದೆ ಪಾಲಿಸುತ್ತಾರೆ. ಎಷ್ಟೋ ಕಾಲೇಜುಗಳಲ್ಲಿ ಎಲ್ಲರಿಗೂ ಒಂದೇ ಚೆಂಡು ಕೊಡುವುದನ್ನು ನೋಡಿದವರಿಗೆ ಇದು ಸಣ್ಣ ಸಂಗತಿಯಲ್ಲ. ಹುಡುಗಿಯರಿಗೆ ಬಟ್ಟೆ ಬದಲಿಸಿಕೊಳ್ಳಲು ಸರಿಯಾದ ಕೋಣೆಯಿಲ್ಲ. ವಾಹನ ನಿಲ್ಲಿಸಲು ಜಾಗವೂ ಕಡಿಮೆ.

ಅಂಕಣದ ಒಂದು ದೋಷವನ್ನು ಹೇಳಲೇಬೇಕು. ಮೂರು ಅಂಕಗಳ ಗೆರೆಯನ್ನು (ಇದರ ಹೊರಗಿನಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದರೆ ಮೂರು ಅಂಕ) ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾ 2010ರಲ್ಲಿ 6.25 ಮೀಟರಿನಿಂದ 6.75 ಮೀಟರಿಗೆ ಹಿಂದೆ ಸರಿಸಿತು. ಇಲ್ಲಿ ಇನ್ನೂ ಹಳೆಯ ಗೆರೆಯೇ ಇದೆ. ಹಳೆಯ ಗೆರೆಯಿಂದ ಎಸೆದು ಅಭ್ಯಾಸವಾದ ಹುಡುಗಿ ಪಂದ್ಯದ ಅಂಕಣದಲ್ಲಿ ಅರ್ಧ ಮೀಟರು ಹಿಂದೆ ನಿಂತರೆ ಅವಳ ಚೆಂಡು ರಿಂಗಿನ ಮುಂಭಾಗಕ್ಕೆ ಬಡಿಯುವುದು ಖಚಿತ. ಈ ತಪ್ಪನ್ನು ತಿದ್ದಿದವರು ಕೇಂದ್ರದ ಮಾಲೀಕರಲ್ಲ, ಮುಖ್ಯ ತರಬೇತುದಾರರೂ ಅಲ್ಲ. ಸಹಾಯಕ ತರಬೇತುದಾರರು ಪ್ರತಿದಿನ ಅರ್ಧ ಗಂಟೆ ಮುಂಚೆ ಬಂದು, ಟೇಪು ಹಿಡಿದು ಅಳೆದು, ಸುಣ್ಣದಿಂದ ಹೊಸ ಗೆರೆಯನ್ನು ಎಳೆಯುತ್ತಿದ್ದರು. ಸಂಜೆಯ ಹೊತ್ತಿಗೆ ಅದು ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತಿತ್ತು, ಮರುದಿನ ಮತ್ತೆ ಎಳೆಯುತ್ತಿದ್ದರು. ಬಣ್ಣಕ್ಕೆ ತಗಲುವ ಖರ್ಚು ಒಬ್ಬ ವಿದ್ಯಾರ್ಥಿಯ ಒಂದು ತಿಂಗಳ ಶುಲ್ಕಕ್ಕಿಂತ ಹೆಚ್ಚಾಗಲಿಕ್ಕಿಲ್ಲ.

ಕೇಂದ್ರದ ಫ್ಲೆಕ್ಸಿನ ಮೇಲೆ ಇರುವುದು ಮುಖ್ಯ ತರಬೇತುದಾರರ ಭಾವಚಿತ್ರ. ಹಿಂದೆ ಒಳ್ಳೆಯ ಆಟಗಾರರಾಗಿದ್ದವರು, ಆಟದ ತಿಳಿವಳಿಕೆಯಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ. ಅವರು ವಾರದಲ್ಲಿ ಒಂದೆರಡು ದಿನ ಬರುತ್ತಾರೆ, ಇಡೀ ತಂಡವನ್ನು ಆಡಿಸಿ ನೋಡುತ್ತಾರೆ, ಕೊನೆಯಲ್ಲಿ ಹತ್ತು ನಿಮಿಷ ಮಾತನಾಡುತ್ತಾರೆ. ಆ ಹತ್ತು ನಿಮಿಷಕ್ಕೆ ಬೆಲೆಯಿದೆ. ಆದರೆ ಉಳಿದ ದಿನಗಳ ಅಷ್ಟೂ ಗಂಟೆಗಳು ಇಬ್ಬರು ಸಹಾಯಕರ ಹೆಗಲಿಗೆ ಬೀಳುತ್ತವೆ, ಮತ್ತು ಪಾಲಕರು ಕೊಡುವ ಶುಲ್ಕಕ್ಕೆ ಪ್ರತಿಯಾಗಿ ಮಕ್ಕಳಿಗೆ ನಿಜವಾಗಿ ಸಿಗುವುದು ಆ ಗಂಟೆಗಳೇ.

ಇಬ್ಬರಲ್ಲಿ ಹಿರಿಯರಾದವರ ಕೆಲಸವನ್ನು ನಾನು ಗೋಡೆಯ ಪಕ್ಕದ ಕಟ್ಟೆಯ ಮೇಲೆ ಕುಳಿತು ಗಮನಿಸಿದ್ದೇನೆ. ನನ್ನ ಮಗಳು ಎಡಗೈಯಿಂದ ಲೇಅಪ್ (ಓಡಿಬಂದು ಜಿಗಿದು ಬುಟ್ಟಿಯ ಹತ್ತಿರದಿಂದ ಚೆಂಡು ಹಾಕುವುದು) ಹಾಕಲು ಹೆದರುತ್ತಿದ್ದಳು. ಬಲಗಡೆಯಿಂದಲೇ ನುಗ್ಗುವ ಅವಳ ಅಭ್ಯಾಸವನ್ನು ಎದುರಾಳಿಗಳು ಮೊದಲ ಐದು ನಿಮಿಷದಲ್ಲೇ ಪತ್ತೆ ಹಚ್ಚಿಬಿಡುತ್ತಿದ್ದರು. ಈ ಸಹಾಯಕರು ಅದನ್ನು ಕೈಯ ದೋಷವೆಂದು ನೋಡದೆ ಹೆಜ್ಜೆಯ ದೋಷವೆಂದು ಕಂಡುಹಿಡಿದರು. ಚೆಂಡನ್ನೇ ಕೊಡದೆ ಕೆಲವು ದಿನ ಬರೀ ಎಡಗಾಲು, ಬಲಗಾಲು, ಜಿಗಿತ ಎಂಬ ಲಯವನ್ನು ಮಾಡಿಸಿ, ಅನಂತರ ಕೈಗೆ ಚೆಂಡು ಕೊಟ್ಟರು. ಯಾರು ಎಲ್ಲಿಂದ ಎಸೆದರು, ಎಷ್ಟು ಬಿದ್ದವು ಎಂಬುದನ್ನು ಪ್ರತಿಯೊಬ್ಬರಿಗೂ ಒಂದೊಂದು ಹಾಳೆಯಲ್ಲಿ ಅಂಕಣದ ಚಿತ್ರ ಬರೆದು ಗುರುತಿಸುತ್ತಾರೆ. ಆಟದ ತುಣುಕುಗಳನ್ನು ತಮ್ಮ ಸ್ವಂತ ಮೊಬೈಲಿನಲ್ಲಿ ಚಿತ್ರೀಕರಿಸಿ, ರಾತ್ರಿ ನೋಡಿ, ಮರುದಿನ ಆಯಾ ಆಟಗಾರರಿಗೆ ಮಾತ್ರ ತೋರಿಸುತ್ತಾರೆ. ಎಲ್ಲರೆದುರು ತೋರಿಸಿದರೆ ಹುಡುಗಿಯರು ನಾಚಿಕೊಳ್ಳುತ್ತಾರೆಂಬ ಸೂಕ್ಷ್ಮ ಅವರಿಗಿದೆ. ರಿಬೌಂಡಿಗೆ, ಅಂದರೆ ಗುರಿ ತಪ್ಪಿ ಪುಟಿದು ಬರುವ ಚೆಂಡಿಗೆ, ಜಿಗಿಯುವ ಮುನ್ನ ಎದುರಾಳಿಯನ್ನು ಬೆನ್ನಿನಿಂದ ತಡೆದು ಜಾಗ ಹಿಡಿಯುವ ವಿದ್ಯೆಯನ್ನು, ಎತ್ತರ ಕಡಿಮೆಯಿದ್ದ ಹುಡುಗಿಯರು ಅವರಿಂದ ಎಷ್ಟು ಚೆನ್ನಾಗಿ ಕಲಿತರೆಂದರೆ, ಕೊನೆಯ ವಾರಗಳಲ್ಲಿ ಅವರನ್ನು ದಾಟಿ ಚೆಂಡು ಪಡೆಯುವುದು ಹುಡುಗರಿಗೂ ಕಷ್ಟವಾಗಿತ್ತು. ಇನ್ನೊಬ್ಬ ಸಹಾಯಕರು ಕಿರಿಯರು, ವ್ಯಾಯಾಮ ಮತ್ತು ಓಟವನ್ನು ನೋಡಿಕೊಳ್ಳುತ್ತಾರೆ. ಅವರ ಬಗ್ಗೆ ಹೆಚ್ಚು ಹೇಳುವಷ್ಟು ನಾನು ನೋಡಿಲ್ಲ.

ಶಿಬಿರದ ಕೊನೆಗೆ ಬೇರೊಂದು ತಂಡವನ್ನು ಕರೆಸಿ ಪಂದ್ಯ ಆಡಿಸಿದರು. ಫಿಬಾ ಮಾದರಿಯ ಸ್ಕೋರ್‌ಶೀಟಿನಲ್ಲಿ ಆಟಗಾರರ ಪಟ್ಟಿಯ ಕೆಳಗೆ ಎರಡು ಸಾಲುಗಳಿರುತ್ತವೆ: ಒಂದು ಮುಖ್ಯ ತರಬೇತುದಾರರಿಗೆ, ಇನ್ನೊಂದು ಮೊದಲ ಸಹಾಯಕ ತರಬೇತುದಾರರಿಗೆ. ನಮ್ಮ ಕಡೆಯ ಹಾಳೆಯಲ್ಲಿ ಎರಡನೆಯ ಸಾಲು ಖಾಲಿಯಿತ್ತು. ಇದು ಶಿಷ್ಟಾಚಾರದ ಲೋಪ ಮಾತ್ರವಲ್ಲ. ನಿಯಮದ ಪ್ರಕಾರ ಟೈಮ್‌ಔಟ್ (ಆಟದ ನಡುವಿನ ಸಣ್ಣ ವಿರಾಮ) ಕೇಳುವ ಅಧಿಕಾರ ಮುಖ್ಯ ತರಬೇತುದಾರರಿಗೆ ಅಥವಾ ಮೊದಲ ಸಹಾಯಕರಿಗೆ ಮಾತ್ರ ಇರುತ್ತದೆ. ಆಟ ನಡೆಯುವಾಗ ಬೆಂಚಿನ ಮುಂದೆ ನಿಲ್ಲುವ ಅವಕಾಶವೂ ಇವರಿಬ್ಬರಲ್ಲಿ ಒಮ್ಮೆಗೆ ಒಬ್ಬರಿಗೆ ಮಾತ್ರ. ಮುಖ್ಯ ತರಬೇತುದಾರರು ಮುಂದುವರಿಯಲಾಗದಿದ್ದರೆ ಅವರ ಜಾಗಕ್ಕೆ ಬರಬೇಕಾದವರು ಮೊದಲ ಸಹಾಯಕರೇ. ಅಂದರೆ ಆಟದ ನಿಯಮಪುಸ್ತಕ ಗೌರವದಿಂದ ಎತ್ತಿಟ್ಟ ಜಾಗವನ್ನು ಕೇಂದ್ರದವರು ಬರೆಯಲು ಬೇಸರಪಟ್ಟು ಬಿಟ್ಟಿದ್ದರು. ಇನ್ನೊಂದು ಬದಿಯನ್ನೂ ಹೇಳಬೇಕು: ಬೆಂಚಿನಲ್ಲಿರುವ ಸಹಾಯಕರು ತಪ್ಪಾಗಿ ನಡೆದುಕೊಂಡು ಟೆಕ್ನಿಕಲ್ ಫೌಲ್ ಆದರೆ ಅದು ದಾಖಲಾಗುವುದು ಮುಖ್ಯ ತರಬೇತುದಾರರ ಹೆಸರಿನಲ್ಲೇ. ಹೆಸರಿನ ಜೊತೆ ಹೊಣೆಯನ್ನೂ ಹೊರುವವರು ಅವರು, ಆದ್ದರಿಂದ ಫ್ಲೆಕ್ಸಿನಲ್ಲಿ ಅವರ ಚಿತ್ರ ದೊಡ್ಡದಾಗಿರುವುದಕ್ಕೆ ನನ್ನ ತಕರಾರಿಲ್ಲ. ಅವರ ಚಿತ್ರ ಮಾತ್ರ ಇರುವುದಕ್ಕೆ ತಕರಾರಿದೆ.

ಈ ಆಟ 1891ರಲ್ಲಿ ಹುಟ್ಟಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಬೆಳೆದದ್ದು ಅಲ್ಲಿನ ಕಾಲೇಜುಗಳಲ್ಲಿ. ಕಾಲೇಜು ಬ್ಯಾಸ್ಕೆಟ್‌ಬಾಲಿಗೆ ಹಣ ಹರಿಯುವ ಆ ದೇಶದಲ್ಲೂ ಸಹಾಯಕರ ದಾರಿ ಸುಗಮವಾಗಿರಲಿಲ್ಲ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ 1990ರ ದಶಕದ ಆರಂಭದಲ್ಲಿ ಒಂದು ವರ್ಗದ ಸಹಾಯಕ ತರಬೇತುದಾರರ ವರಮಾನಕ್ಕೆ ಮಿತಿ ಹಾಕಿತು: ಶೈಕ್ಷಣಿಕ ವರ್ಷಕ್ಕೆ 12,000 ಡಾಲರ್, ಬೇಸಿಗೆಗೆ 4,000 ಡಾಲರ್, ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಸಹಾಯಕರು ನ್ಯಾಯಾಲಯಕ್ಕೆ ಹೋದರು, 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರವಾಗಿ ತೀರ್ಪು ಕೊಟ್ಟಿತು, ಮರುವರ್ಷ 5 ಕೋಟಿ 45 ಲಕ್ಷ ಡಾಲರಿಗೆ ರಾಜಿಯಾಯಿತು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಬಿಲ್ ಗತ್ರಿಜ್ ಪ್ರಖ್ಯಾತ ತರಬೇತುದಾರ ಡೀನ್ ಸ್ಮಿತ್ ಅವರ ಕೈಕೆಳಗೆ 30 ವರ್ಷ ಸಹಾಯಕರಾಗಿದ್ದು, 1997ರಲ್ಲಿ, ತಮ್ಮ 60ನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಕಾಲೇಜು ತಂಡವೊಂದರ ಮುಖ್ಯ ತರಬೇತುದಾರರಾದರು. ಇದ್ದ ಮೂರೇ ವರ್ಷಗಳಲ್ಲಿ ಎರಡು ಬಾರಿ ತಂಡವನ್ನು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕರ ಹಂತಕ್ಕೆ ಒಯ್ದರು. ಮುಖ್ಯಸ್ಥರಾಗದೆಯೇ ಮನ್ನಣೆ ಪಡೆದವರೂ ಇದ್ದಾರೆ: ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮಹಿಳಾ ತಂಡದಲ್ಲಿ 1985ರಿಂದ ಎರಡನೆಯ ಸ್ಥಾನದಲ್ಲಿಯೇ ದುಡಿದ ಕ್ರಿಸ್ ಡೇಲಿ 2018ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲಿನ ಹಾಲ್ ಆಫ್ ಫೇಮ್ ಎಂಬ ಗೌರವಪಟ್ಟಿ ಸೇರಿದರು. 2023ರಲ್ಲಿ ಎನ್‌ಸಿಎಎ ತನ್ನ ಮೇಲ್ದರ್ಜೆಯ ತಂಡಗಳಿಗೆ ಸಹಾಯಕರ ಸಂಖ್ಯೆಯನ್ನು 3ರಿಂದ 5ಕ್ಕೆ ಏರಿಸಿಕೊಳ್ಳಲು ಅವಕಾಶ ಕೊಟ್ಟಿತು. ಆಗಿನ ನಿಯಮದಂತೆ ಹೆಚ್ಚುವರಿಯಾಗಿ ಬಂದ ಇಬ್ಬರು ಆಟ ಕಲಿಸಬಹುದಿತ್ತು, ಆದರೆ ಹೊಸ ಆಟಗಾರರನ್ನು ಹುಡುಕಿಕೊಂಡು ಊರೂರು ತಿರುಗುವಂತಿರಲಿಲ್ಲ.

ಬಳ್ಳಾರಿಯ ನಮ್ಮ ಸಹಾಯಕರ ಮುಂದೆ ಅಂಥ ಏಣಿಯೇ ಇಲ್ಲ. ಅವರು ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು, ಬಿ.ಪಿ.ಎಡ್. ಎಂಬ ದೈಹಿಕ ಶಿಕ್ಷಣದ ಪದವಿ ಮುಗಿಸಿದವರು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ಪ್ರಮಾಣಪತ್ರ ಕೋರ್ಸನ್ನು ಮಾಡಿಕೊಂಡವರು. ಕಾಲೇಜುಗಳಲ್ಲಿ ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ, ಅದಕ್ಕೆ ಎಂ.ಪಿ.ಎಡ್. ಎಂಬ ಸ್ನಾತಕೋತ್ತರ ಪದವಿ ಬೇಕು, ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಸಿಕ್ಕರೂ ಕಬಡ್ಡಿಯಿಂದ ಅಥ್ಲೆಟಿಕ್ಸ್‌ವರೆಗೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳಬೇಕು. ಕಾಲೇಜು ತಂಡಕ್ಕೆ ನಿಜವಾಗಿ ಆಟ ಕಲಿಸುವ ಹಳೆಯ ವಿದ್ಯಾರ್ಥಿಗೆ ಪಂದ್ಯದ ದಿನಗಳಲ್ಲಿ ಊಟ, ಬಸ್ಸಿನ ಖರ್ಚು, ಒಂದು ಟ್ರ್ಯಾಕ್‌ಸೂಟ್ ಸಿಕ್ಕರೆ ಅದೇ ಸಂಭಾವನೆ. ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಸಹಾಯಕ ತರಬೇತುದಾರ ಎಂಬುದು ಅಧಿಕೃತ ಹುದ್ದೆ, ಅಲ್ಲಿಂದ ತರಬೇತುದಾರ, ಹಿರಿಯ ತರಬೇತುದಾರ ಎಂದು ಮೇಲೇರಬಹುದು. 2021ರಲ್ಲಿ ಎಲ್ಲ ಕ್ರೀಡೆಗಳಿಗೂ ಸೇರಿ ಅಂಥ 220 ಹುದ್ದೆಗಳಿಗೆ ಗುತ್ತಿಗೆಯ ಆಧಾರದಲ್ಲಿ ಅರ್ಜಿ ಕರೆದಿದ್ದರು. ಒಲಿಂಪಿಕ್ಸಿನಲ್ಲಿ ಆಡಿರದ ಸಾಮಾನ್ಯ ಅಭ್ಯರ್ಥಿಗೆ ಅದರ ಬಾಗಿಲು ತೆರೆಯುವುದು ಪೂರ್ಣ ಡಿಪ್ಲೊಮಾ, ಆರು ವಾರಗಳ ಪ್ರಮಾಣಪತ್ರವಲ್ಲ. ಒಂದು ವರ್ಷ ಪಟಿಯಾಲಕ್ಕೆ ಹೋಗಿ ಡಿಪ್ಲೊಮಾ ಓದಲು ಇಲ್ಲಿನ ಸಂಪಾದನೆಯನ್ನು ಬಿಡಬೇಕು, ಮನೆಯನ್ನು ಯಾರಾದರೂ ನೋಡಿಕೊಳ್ಳಬೇಕು. ನಮ್ಮ ಜಿಲ್ಲೆಯಲ್ಲೇ, ತೋರಣಗಲ್ಲಿನ ಹತ್ತಿರ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ದೇಶಕ್ಕೇ ಹೆಸರಾಗಿದೆ; ಆದರೆ ಅದು ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್‌ಗಳ ಮನೆ, ಬ್ಯಾಸ್ಕೆಟ್‌ಬಾಲ್ ಕಲಿಸುವವರಿಗೆ ಅಲ್ಲಿ ಕೆಲಸವಿಲ್ಲ.

ಇಷ್ಟೆಲ್ಲವನ್ನು ಒಂದು ತರಬೇತಿ ಕೇಂದ್ರದ ವಿಮರ್ಶೆಯಲ್ಲಿ ಏಕೆ ಹೇಳಬೇಕೆಂದು ಕೇಳುವವರಿರಬಹುದು. ಸೇವೆಯ ಗುಣಮಟ್ಟ ಇದರ ಮೇಲೆಯೇ ನಿಂತಿದೆ ಎಂಬುದೇ ನನ್ನ ಉತ್ತರ. ಈ ಕೇಂದ್ರದಲ್ಲಿ ಸಹಾಯಕರು ಒಂದೆರಡು ಹಂಗಾಮಿಗಿಂತ ಹೆಚ್ಚು ನಿಲ್ಲುವುದಿಲ್ಲವೆಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಕೆಲವರು ಖಾಸಗಿ ಶಾಲೆಯ ದೈಹಿಕ ಶಿಕ್ಷಕರಾಗಿ ಹೋಗುತ್ತಾರೆ, ಕೆಲವರು ಆಟವನ್ನೇ ಬಿಟ್ಟು ಕಾರ್ಖಾನೆ ಸೇರುತ್ತಾರೆ. ಅವರೊಂದಿಗೆ ಆ ಎಸೆತದ ಹಾಳೆಗಳೂ, ಯಾರ ಮೊಣಕಾಲಿಗೆ ಯಾವಾಗ ನೋವಾಗಿತ್ತೆಂಬ ನೆನಪೂ ಹೋಗುತ್ತವೆ. ಹೊಸಬರು ಬಂದು ಡ್ರಿಬಲ್‌ನಿಂದ ಪುನಃ ಆರಂಭಿಸುತ್ತಾರೆ. ಶಿಬಿರದ ಪ್ರಮಾಣಪತ್ರದಲ್ಲಿ ಮುಖ್ಯ ತರಬೇತುದಾರರ ಸಹಿ ಮಾತ್ರ ಇದೆ. ಮುಂದೆ ಬೇರೆ ಕಡೆ ಅರ್ಜಿ ಹಾಕುವಾಗ ತಾನು ಇಂತಿಷ್ಟು ವರ್ಷ ಇಂಥ ತಂಡಕ್ಕೆ ಕಲಿಸಿದ್ದೇನೆಂದು ತೋರಿಸಲು ಸಹಾಯಕರ ಬಳಿ ಒಂದು ಕಾಗದವೂ ಇರುವುದಿಲ್ಲ. ಅನುಭವ ಪತ್ರ ಕೊಡುವುದಕ್ಕೂ, ಸ್ಕೋರ್‌ಶೀಟಿನಲ್ಲಿ ಹೆಸರು ಬರೆಯುವುದಕ್ಕೂ ಕೇಂದ್ರಕ್ಕೆ ಒಂದು ರೂಪಾಯಿಯ ಖರ್ಚಿಲ್ಲ. ಈ ವಿಷಯವನ್ನು ಕಚೇರಿಯಲ್ಲಿ ಪ್ರಸ್ತಾಪಿಸಿದಾಗ, ಹಾಗೆ ಕೊಟ್ಟರೆ ಅವರು ಬೇರೆ ಕಡೆ ಹೋಗಿಬಿಡುತ್ತಾರಲ್ಲ ಸರ್ ಎಂಬ ಉತ್ತರ ಬಂತು. ಕೊಡದೆಯೂ ಹೋಗುತ್ತಿದ್ದಾರಲ್ಲ ಎಂದೆ; ಅದಕ್ಕೆ ಮಾತು ಬರಲಿಲ್ಲ.

ಒಟ್ಟಿನಲ್ಲಿ, ಆಟದ ಮೂಲಪಾಠ ಗಟ್ಟಿಯಾಗಬೇಕಾದ ಪಿಯು ಮತ್ತು ಪದವಿ ವಿದ್ಯಾರ್ಥಿಗಳಿಗೆ ಈ ಕೇಂದ್ರವನ್ನು ನಾನು ಶಿಫಾರಸು ಮಾಡುತ್ತೇನೆ; ತಿಂಗಳಿಗೆ 2,000 ರೂಪಾಯಿ ಹೆಚ್ಚೆನಿಸಲಿಲ್ಲ. ಈಗಾಗಲೇ ರಾಜ್ಯಮಟ್ಟದಲ್ಲಿ ಆಡುತ್ತಿರುವವರಿಗೆ ಇದು ಸಾಲದು, ಅವರಿಗೆ ಬೇಕಾದ ಎದುರಾಳಿಗಳು ಇಲ್ಲಿ ಸಿಗುವುದಿಲ್ಲ. ಸೇರಿಸುವ ಮೊದಲು ಪಾಲಕರು ಫ್ಲೆಕ್ಸ್ ನೋಡಿ ಬರದೆ, ವಾರದ ನಡುವಿನ ಒಂದು ಸಂಜೆ ಹೋಗಿ ಅಂಕಣದಲ್ಲಿ ಯಾರಿದ್ದಾರೆಂದು ನೋಡಲಿ. ಅವರು ಎಷ್ಟು ಕಾಲದಿಂದ ಇದ್ದಾರೆ, ಮುಂದಿನ ತಿಂಗಳೂ ಇರುತ್ತಾರೆಯೇ ಎಂದು ನೇರವಾಗಿ ಕೇಳಲಿ. ಮುಂದಿನ ತಂಡಕ್ಕೆ ಹೆಸರು ನೋಂದಾಯಿಸಲು ಕಚೇರಿಯಿಂದ ನನಗೂ ಕರೆ ಬಂದಿತ್ತು. ಇದೇ ಸಹಾಯಕರು ಇರುವುದಾದರೆ ಪೂರ್ತಿ ಹಂಗಾಮಿನ ಶುಲ್ಕವನ್ನು ಒಮ್ಮೆಗೇ ಕಟ್ಟುತ್ತೇನೆ, ಇಲ್ಲವಾದರೆ ಒಂದು ತಿಂಗಳಿಗಷ್ಟೇ ಕಟ್ಟಿ ನೋಡುತ್ತೇನೆ ಎಂದು ತಿಳಿಸಿದ್ದೇನೆ.