ಸಹಿಯ ಬಣ್ಣ ಬಿರುಕಿನೊಳಗೆ ಇಳಿದಿದ್ದರೆ ದುಡ್ಡು ಕೊಡಬೇಡಿ

ಕಾಲಿಗೆ ದಾರ ಕಟ್ಟಿ ತೂಗುಹಾಕಿದ ಗೌಜಲಹಕ್ಕಿ, ಕೆಳಗೆ ನೀಲಿ ಮಖಮಲ್ಲಿನ ಬೇಟೆಚೀಲ, ಮೂಲೆಯಲ್ಲಿ ಡಚ್ ಚಿತ್ರಕಾರ ವೀನಿಕ್ಸ್‌ನ ಹೆಸರಲ್ಲಿ ‘ಯಾನ್ ವೀನಿಕ್ಸ್, 1690’ ಎಂಬ ಸಹಿ. ಆನ್‌ಲೈನ್ ಹರಾಜಿನಲ್ಲಿ ಕೊಂಡ ಈ ತೈಲಚಿತ್ರಕ್ಕೆ ಮಾರಿದವರು ಹಾಕಿದ್ದು ಮುಂಭಾಗದ ಫೋಟೋ ಮಾತ್ರ. ಬೆನ್ನು ನೋಡದೆ ಕೊಂಡದ್ದೇ ಮೊದಲ ತಪ್ಪು.

ಪಟ ಕೈಗೆ ಬಂದಮೇಲೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದರೆ ಸಹಿಯ ಬಣ್ಣ ಬಿರುಕುಗಳೊಳಗೆ ಹರಿದಿತ್ತು. ಚಿತ್ರದ ಜೊತೆಗೇ ಹಾಕಿದ ಸಹಿಯಾಗಿದ್ದರೆ ಬಿರುಕು ಸಹಿಯನ್ನೇ ಸೀಳಿಕೊಂಡು ಹೋಗಬೇಕು. ಕತ್ತಲೆಯಲ್ಲಿ 365 ನ್ಯಾನೋಮೀಟರಿನ ಯುವಿ ದೀಪ ಹಾಯಿಸಿದಾಗ ಹಳೆಯ ವಾರ್ನಿಷ್ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯಿತು, ಸಹಿ ಮಾತ್ರ ಅದರ ಮೇಲೆ ಕಪ್ಪಗೆ ಕೂತಿತ್ತು. ಎಲ್ಲೆಡೆ ಒಂದೇ ಸಮ ಹಸಿರು ಕಂಡಿತೆಂದು ನೆಮ್ಮದಿಪಡಬೇಡಿ. ತಿದ್ದುಪಡಿ ಮುಚ್ಚಲೆಂದೇ ಮೇಲೆ ದಪ್ಪ ವಾರ್ನಿಷ್ ಬಳಿಯುವವರಿದ್ದಾರೆ.

ಪ್ರಯೋಗಾಲಯಕ್ಕೆ ಕಳಿಸಿದ ಬಣ್ಣದ ಚೂರಿನಲ್ಲಿ, ಬೇಟೆಚೀಲದ ಮೂಲ ಪದರದಲ್ಲೇ, ಪ್ರಷ್ಯನ್ ನೀಲಿ ಸಿಕ್ಕಿತು. ಆ ಬಣ್ಣ ಬರ್ಲಿನ್‌ನಲ್ಲಿ ಹುಟ್ಟಿದ್ದೇ 1704–06ರ ಸುಮಾರಿಗೆ. ವೀನಿಕ್ಸ್ ಬದುಕಿದ್ದು 1719ರವರೆಗೆ, ಹಾಗಾಗಿ ಬಣ್ಣವೊಂದೇ ಅವನನ್ನು ತಳ್ಳಿಹಾಕುವುದಿಲ್ಲ. ಆದರೆ 1690 ಎಂಬ ತಾರೀಖು ಸುಳ್ಳು. ಟೈಟಾನಿಯಂ ಬಿಳಿ ಸಿಕ್ಕಿದ್ದರೆ ಇಷ್ಟು ಚರ್ಚೆಯೇ ಬೇಡ, ಅದು 20ನೇ ಶತಮಾನದ್ದು.

ಬೆನ್ನಿನಲ್ಲಿ ಸ್ಟೇಪಲ್ ಪಿನ್ನು ಕಂಡಾಕ್ಷಣ ನಕಲಿ ಎನ್ನಲಾಗದು. ಹಳೆಯ ಕ್ಯಾನ್ವಾಸಿಗೆ ಹೊಸ ಬಟ್ಟೆ ಅಂಟಿಸಿ ಮತ್ತೆ ಬಿಗಿದಿರಬಹುದು. ಬೆನ್ನಿನ ಬಟ್ಟೆಯಲ್ಲಿ ಕಂದು ಬಣ್ಣ ಅಲ್ಲಲ್ಲಿ ಕಲೆಕಟ್ಟಿ, ಮರದ ಪಟ್ಟಿ ಮುಚ್ಚಿದ ಜಾಗದಲ್ಲೂ ಅಷ್ಟೇ ಗಾಢವಾಗಿದ್ದರೆ ಹಳೆಯದೆಂದು ತೋರಿಸಲು ಟೀ ಡಿಕಾಕ್ಷನ್ ಬಳಿದಿದ್ದಾರೆಂದು ಅನುಮಾನಿಸಿ. ಮಸೂರದಲ್ಲಿ ಚುಕ್ಕಿಗಳು ಕಂಡರೆ ಅದು ಅಚ್ಚು ಹಾಕಿ ವಾರ್ನಿಷ್ ಬಳಿದ ಓಲಿಯೋಗ್ರಾಫ್ ಇರಬಹುದು. ರವಿವರ್ಮ ಪ್ರೆಸ್ಸಿನ ಪಟಗಳನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸದೇನಲ್ಲ.

ಕೊಳ್ಳುವ ಮುಂಚೆ ಬೆನ್ನಿನ ಪೂರ್ತಿ ಫೋಟೋ, ನಾಲ್ಕು ಅಂಚುಗಳು, ಸಹಿಯ ಹತ್ತಿರದ ನೋಟ, ಯುವಿ ಫೋಟೋ ಕೇಳಿ. ‘ವೀನಿಕ್ಸ್ ಶೈಲಿ’, ‘ವೀನಿಕ್ಸ್ ಅನುಯಾಯಿ’ ಎಂದು ಬರೆದಿದ್ದರೆ ಅದು ವೀನಿಕ್ಸ್‌ದೆಂಬ ಭರವಸೆ ಅಲ್ಲವೇ ಅಲ್ಲ.

ಈ ಪಟ ಪೂರ್ತಿ ಹಾಳಾದದ್ದು ಆಮೇಲೆ, ಮನೆಯಲ್ಲೇ ಅಸಿಟೋನ್ ಹಚ್ಚಿ ಒರೆಸಿದಾಗ. ಹಕ್ಕಿಯ ಎದೆಯ ಗರಿಗಳಿಗೆ ಮೆದು ಬಂದಿದ್ದು ತಿಳಿಯಾದ ಕಂದು ಲೇಪದಿಂದ. ವಾರ್ನಿಷ್ ಜೊತೆ ಅದೂ ಕರಗಿ ಬಂತು. ಹತ್ತಿಯುಂಡೆಯ ಮೇಲೆ ಹಳದಿಯ ಬದಲು ಕೆಂಗಂದು ಕಂಡ ಹೊತ್ತಿಗೆ ಗರಿ ಹೋಗಿ ತಳದ ಬೂದುಬಣ್ಣವಷ್ಟೇ ಉಳಿದಿತ್ತು.