ಓದಿ ಹೇಳುವ ಕನ್ನಡಕ ಕೊಳ್ಳುವ ಮುಂಚೆ ಅದಕ್ಕೊಂದು ಖಾಲಿ ಹಾಳೆ ತೋರಿಸಿ

ಕಣ್ಣು ಕಾಣದವರಿಗಾಗಿ ಓದಿ ಹೇಳುವ, ದಾರಿ ಹೇಳುವ ಚಿಕ್ಕ ಸಾಧನಗಳು ಈಗ ಬೇಕಾದಷ್ಟು ಬರುತ್ತಿವೆ. ನಿಮಗೋ ನಿಮ್ಮ ಮನೆಯವರಿಗೋ ಒಂದನ್ನು ಕೊಳ್ಳುವ ಯೋಚನೆಯಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಕಣ್ಣು ಕಾಣಿಸುವುದಿಲ್ಲ. ಕನ್ನಡಕದ ಕಾಲಿಗೆ ಸಿಕ್ಕಿಸಿಕೊಳ್ಳುವ ಅಂಥದ್ದೊಂದು ಸಾಧನವನ್ನು ನಾನು ಬಳಸಿದೆ. ಅದನ್ನು ನಂಬಿ ನಡೆದು ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡೆ. ಆ ಗಾಯ ಮಾಯಿತು. ಆದರೆ ಒಂದು ಮಾತ್ರೆ ಸ್ಟ್ರಿಪ್ಪಿನ ವಿಷಯದಲ್ಲಿ ಅದು ಹೇಳಿದ ಸುಳ್ಳನ್ನು ನೆನೆದರೆ ಈಗಲೂ ಭಯವಾಗುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ರೀತಿ ಕೆಲಸ ಮಾಡುವ ಸಾಧನಗಳು ಬೇರೆ ಬೇರೆ ಹೆಸರಲ್ಲಿ ಬರುತ್ತಲೇ ಇರುತ್ತವೆ, ನನ್ನ ಮಾತು ಅವೆಲ್ಲಕ್ಕೂ ಸೇರಿದ್ದು.

ಇಂಥದ್ದು ಯಾಕೆ ಬೇಕು ಅಂತ ಕಣ್ಣಿರುವವರು ಕೆಲವರು ಕೇಳುತ್ತಾರೆ. ನಮಗೆ ಬಂದ ಕಾಗದವನ್ನು ಮೊದಲು ಇನ್ನೊಬ್ಬರು ಓದಬೇಕು, ಆಮೇಲೆ ನಮಗೆ ಹೇಳಬೇಕು. ಬ್ಯಾಂಕಿನ ಪತ್ರವೂ ಹಾಗೇ, ಡಾಕ್ಟರ ರಿಪೋರ್ಟೂ ಹಾಗೇ. ಅದನ್ನು ನಾವೇ ಓದಿಕೊಳ್ಳಬೇಕು ಅನ್ನುವ ಆಸೆ ಹಳೆಯದು. 1976ರಲ್ಲಿ ಅಮೆರಿಕದ ಸಂಶೋಧಕ ರೇ ಕರ್ಜ್‌ವೈಲ್ ತಮ್ಮ ಓದುವ ಯಂತ್ರವನ್ನು ಹೊರತಂದಾಗ ಅದು ಮೇಜು ತುಂಬುವಷ್ಟು ದೊಡ್ಡದಿತ್ತು. 2006ರಲ್ಲಿ ಅದೇ ಕೆಲಸ ಕೈಯಲ್ಲಿ ಹಿಡಿಯುವ ಸಾಧನಕ್ಕೆ ಬಂತು, ಆಮೇಲೆ ಫೋನಿಗೆ ಇಳಿಯಿತು, ಈಗ ಕನ್ನಡಕದ ಕಾಲಿಗೆ ಬಂದಿದೆ. ಹಾಗಾಗಿ ಇದನ್ನೆಲ್ಲ ಸುಮ್ನೆ ಮೋಸ ಅಂತ ತಳ್ಳಿಹಾಕುವವನು ನಾನಲ್ಲ. ಒಳ್ಳೆಯ ಸಾಧನ ಸಿಕ್ಕರೆ ಅದು ಬದುಕನ್ನೇ ಬದಲಿಸುತ್ತದೆ. ನಮ್ಮ ಈ ಆಸೆ ಮಾರುವವರಿಗೂ ಚೆನ್ನಾಗಿ ಗೊತ್ತು.

ಡೆಮೊದಲ್ಲಿ ಎಲ್ಲವೂ ಸೊಗಸಾಗಿತ್ತು. ಹಾಳೆ ಅವರದ್ದು. ದೊಡ್ಡ ಅಕ್ಷರ, ದಪ್ಪ ಕಾಗದ, ತಲೆಯ ಮೇಲೆ ಒಳ್ಳೆ ಬೆಳಕು. ಪಟಪಟ ಅಂತ ಓದಿತು. ಮನೆಗೆ ತಂದ ಮೇಲೆ ಅದಕ್ಕೆ ಸಿಕ್ಕಿದ್ದು ಮಡಿಚಿದ ಬಿಲ್ಲು, ಮಸುಕಾದ ರಸೀದಿ, ಹೊಳೆಯುವ ಮಾತ್ರೆ ಸ್ಟ್ರಿಪ್, ಬಾಗಿದ ಬಾಟಲಿಯ ಮೇಲಿನ ಲೇಬಲ್ಲು. ನಿಜಕ್ಕೂ ನಮಗೆ ಓದಬೇಕಾಗುವುದು ಇವೇ ಅಲ್ವಾ?

ಮಾತ್ರೆಯ ಸಂಗತಿ ಹೇಳುತ್ತೇನೆ. ಅರ್ಧ ಮುಗಿದ ಸ್ಟ್ರಿಪ್ ಒಂದನ್ನು ಕ್ಯಾಮೆರಾದ ಮುಂದೆ ಹಿಡಿದು ಎಕ್ಸ್‌ಪೈರಿ ಡೇಟ್ ಕೇಳಿದೆ. ತಿಂಗಳು, ವರ್ಷ ಎರಡನ್ನೂ ತಡವರಿಸದೆ ಹೇಳಿತು. ಇನ್ನೂ ಸಾಕಷ್ಟು ಸಮಯ ಇದೆ ಅಂತ ನುಂಗುವುದರಲ್ಲಿದ್ದೆ. ಪಕ್ಕದಲ್ಲಿದ್ದ ತಂಗಿ ಯಾಕೋ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. "ಅಣ್ಣಾ, ಇದರ ಮೇಲೆ ತಾರೀಖೇ ಇಲ್ಲ. ತಾರೀಖಿದ್ದ ತುದಿಯನ್ನು ಯಾವಾಗಲೋ ಕತ್ತರಿಸಿದ್ದಾರೆ" ಅಂದಳು. ನಾವು ಮತ್ತೆ ಅದೇ ಸ್ಟ್ರಿಪ್ ಹಿಡಿದೆವು. ಈ ಸಲ ಬೇರೆ ತಿಂಗಳು ಹೇಳಿತು. ದನಿ ಮಾತ್ರ ಅದೇ ನಿಶ್ಚಿಂತೆಯ ದನಿ.

ಹೀಗೆ ಯಾಕೆ ಆಗುತ್ತದೆ ಅಂತ ತಿಳಿದಿರಬೇಕು. ಹಳೆಯ ಕಾಲದ ಓದುವ ಸಾಫ್ಟ್‌ವೇರ್, ಅಂದರೆ ಒಸಿಆರ್, ಅಕ್ಷರದ ಆಕಾರ ನೋಡಿ ಗುರುತು ಹಿಡಿಯುತ್ತಿತ್ತು. ತಪ್ಪಿದರೆ ಅರ್ಥವಿಲ್ಲದ ಅಕ್ಷರಗಳನ್ನು ಒದರುತ್ತಿತ್ತು. ಕೇಳಿದ ಕೂಡಲೇ ನಮಗೆ ತಿಳಿಯುತ್ತಿತ್ತು, ಹಾಳೆ ಸರಿ ಮಾಡಿ ಮತ್ತೆ ಹಿಡಿಯುತ್ತಿದ್ದೆವು. ಹೊಸ ಸಾಧನಗಳಲ್ಲಿ ಹಲವು ಚಿತ್ರವನ್ನು ದೂರದ ಸರ್ವರಿಗೆ ಕಳಿಸುತ್ತವೆ. ಅಲ್ಲಿರುವ ಎಐ, ಅಕ್ಷರ ಸ್ಪಷ್ಟವಾಗಿ ಕಾಣದ ಕಡೆ, ಸಾಮಾನ್ಯವಾಗಿ ಇಂಥ ಜಾಗದಲ್ಲಿ ಏನಿರುತ್ತದೋ ಅದನ್ನು ತುಂಬಿಬಿಡುತ್ತದೆ. ವಾಕ್ಯ ಚೆಂದ ಇರುತ್ತದೆ, ವ್ಯಾಕರಣ ಸರಿ ಇರುತ್ತದೆ. ಸರಿಯಾಗಿ ಓದಿದ್ದಕ್ಕೂ ಊಹಿಸಿ ಹೇಳಿದ್ದಕ್ಕೂ ಕಿವಿಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಕಣ್ಣಿರುವವರು ಒಮ್ಮೆ ಹಾಳೆ ನೋಡಿ ತಪ್ಪು ಹಿಡಿಯಬಹುದು. ನಮಗೆ ಆ ದಾರಿ ಇಲ್ಲ. ಯುರೋಪಿನ ಒಕ್ಕೂಟದಲ್ಲಿ ಔಷಧಿಯ ಪೆಟ್ಟಿಗೆಯ ಮೇಲೆ ಹೆಸರು ಬ್ರೈಲ್‌ನಲ್ಲಿ ಇರಲೇಬೇಕು ಅನ್ನುವ ಕಾನೂನು ಇದೆ. ಅಲ್ಲೂ ಎಕ್ಸ್‌ಪೈರಿ ಡೇಟ್ ಬ್ರೈಲ್‌ನಲ್ಲಿ ಇರಲೇಬೇಕು ಅಂತ ಇಲ್ಲ. ಅಂದರೆ ತಾರೀಖಿಗೆ ನಾವು ಯಂತ್ರವನ್ನೋ ಇನ್ನೊಬ್ಬರ ಕಣ್ಣನ್ನೋ ನಂಬಲೇಬೇಕು.

ಅಂಕಿಗಳಲ್ಲೂ ಇದೇ ಗೋಳು. ದಶಮಾಂಶದ ಚುಕ್ಕೆ ಬಿಟ್ಟು ಓದಿದರೆ 2.5 ಎಂಎಲ್ ಹೋಗಿ 25 ಎಂಎಲ್ ಆಗುತ್ತದೆ. ಬಿಲ್ಲಿನಲ್ಲಿ ಎರಡು ಸಾಲು ಅಂಕಣ ಇದ್ದರೆ ಈ ಸಾಲಿನ ವಸ್ತುವಿಗೆ ಆ ಸಾಲಿನ ಬೆಲೆ ಹೇಳುತ್ತದೆ. ಕನ್ನಡದ ವಿಷಯಕ್ಕೆ ಬಂದರೆ, "ಕನ್ನಡ ಇದೆ" ಅಂತ ಮಾರುವವರು ಹೇಳಿದರೆ ಅಲ್ಲಿಗೇ ನಿಲ್ಲಿಸಬೇಡಿ. ಕನ್ನಡದಲ್ಲಿ ಮಾತಾಡುವುದು ಒಂದು, ಅಚ್ಚಾದ ಕನ್ನಡವನ್ನು ಗುರುತಿಸುವುದು ಇನ್ನೊಂದು, ಮೆನು ಕನ್ನಡದಲ್ಲಿ ಇರುವುದು ಮತ್ತೊಂದು. ನನ್ನದು ಮಾತಾಡುತ್ತಿತ್ತು, ಅಷ್ಟೇ. ಒತ್ತಕ್ಷರ ಬಂದ ಕಡೆಯೆಲ್ಲ ಎಡವುತ್ತಿತ್ತು.

ಇನ್ನು ದಾರಿಯ ವಿಷಯ. ಹೊಲಿಗೆ ಬಿದ್ದದ್ದು ಇಲ್ಲೇ.

ಬಿಳಿ ಕೋಲು ನೆಲದಿಂದ ಸುಮಾರು ಸೊಂಟದವರೆಗಿನ ಲೋಕವನ್ನು ನಮಗೆ ತಿಳಿಸುತ್ತದೆ. ಗುಂಡಿ, ಮೆಟ್ಟಿಲು, ಫುಟ್‌ಪಾತಿನ ಅಂಚು, ಕಂಬ. ಉದ್ದನೆಯ ಕೋಲನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುವ ಕ್ರಮವನ್ನು 1940ರ ದಶಕದಲ್ಲಿ ರಿಚರ್ಡ್ ಹೂವರ್ ಅವರು ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ರೂಪಿಸಿದರು. ಇವತ್ತಿಗೂ ಅದಕ್ಕಿಂತ ನಂಬಿಕೆಯ ಸಾಧನ ಬಂದಿಲ್ಲ. ಅದಕ್ಕೆ ತಿಳಿಯದಿರುವುದು ಎದೆ, ತಲೆಯ ಎತ್ತರದಲ್ಲಿ ಚಾಚಿಕೊಂಡಿರುವ ವಸ್ತುಗಳು. ಆ ಕೊರತೆ ತುಂಬುತ್ತೇವೆ ಅಂತಲೇ ಈ ಸಾಧನ ಮಾರಾಟವಾಗುತ್ತದೆ. ನಾನು ಕೊಂಡದ್ದೂ ಅದಕ್ಕೇ.

ಹೇಳಿಕೊಟ್ಟದ್ದು ಹೀಗೆ: ಎದುರಿಗೆ ಏನಾದರೂ ಇದ್ದರೆ ಬೀಪ್ ಬರುತ್ತದೆ, ಇಲ್ಲದಿದ್ದರೆ ಸದ್ದಿಲ್ಲ. ಕೆಲವು ವಾರ ಚೆನ್ನಾಗಿಯೇ ನಡೆಯಿತು. ಒಂದು ದಿನ ನಿಂತಿದ್ದ ಲಾರಿಯ ಹಿಂದೆ ಕಬ್ಬಿಣದ ಸರಳುಗಳು ಹೊರಗೆ ಚಾಚಿದ್ದವು. ಕೋಲು ಅವುಗಳ ಅಡಿಯಲ್ಲಿ ಆರಾಮಾಗಿ ಹೋಯಿತು. ಸಾಧನ ಸುಮ್ಮನಿತ್ತು. ನಾನು ಎಂದಿನ ವೇಗದಲ್ಲೇ ಹೋಗಿ ಡಿಕ್ಕಿ ಹೊಡೆದೆ. ಇನ್ನೊಂದಿಷ್ಟು ಕೆಳಗೆ ತಗುಲಿದ್ದರೆ ಕಣ್ಣಿಗೇ ಚುಚ್ಚುತ್ತಿತ್ತು ಅಂತ ಹೊಲಿಗೆ ಹಾಕಿದ ಡಾಕ್ಟರ್ ಹೇಳಿದರು.

ಆಮೇಲೆ ತಿಳಿಯಿತು. ಕ್ಯಾಮೆರಾ ಚಿತ್ರ ತೆಗೆಯುತ್ತದೆ, ಬ್ಲೂಟೂತ್ ಮೂಲಕ ಫೋನಿಗೆ ಕಳಿಸುತ್ತದೆ, ಎದುರಿಗೆ ಏನಿದೆ ಅನ್ನುವ ಲೆಕ್ಕ ಎಲ್ಲ ಫೋನಿನಲ್ಲಿ ಆಗುತ್ತದೆ. ಆ ಹೊತ್ತಿಗೆ ಬ್ಲೂಟೂತ್ ಕಡಿದುಹೋಗಿತ್ತು. ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ, ಕಡಿದಾಗ ಒಂದು ಸದ್ದಾದರೂ ಮಾಡಬಾರದಾ ಅಂತ. "ಪದೇ ಪದೇ ಸದ್ದು ಬಂದರೆ ಬಳಸುವವರಿಗೆ ಕಿರಿಕಿರಿ ಆಗುತ್ತದೆ ಅಂತ ತೆಗೆದಿದ್ದೇವೆ ಸರ್" ಅಂದರು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆ ತೀರ್ಮಾನ ಮಾಡಿದವರ ಮೇಲೆ ಇದೆ. ಕಣ್ಣು ಮುಚ್ಚಿಕೊಂಡು ಒಂದು ಬೀದಿ ನಡೆದು ನೋಡಿದವರು ಯಾರೂ ಇಂಥ ತೀರ್ಮಾನ ಮಾಡುವುದಿಲ್ಲ. ದಾರಿ ಖಾಲಿ ಇದೆ ಅನ್ನುವುದಕ್ಕೂ ಮೌನ, ಯಂತ್ರ ಸತ್ತಿದೆ ಅನ್ನುವುದಕ್ಕೂ ಅದೇ ಮೌನ ಆದರೆ ನಡೆಯುವವರು ಏನು ಮಾಡಬೇಕು?

ಅಲ್ಟ್ರಾಸೌಂಡ್ ಬಳಸುವ ಸಾಧನಗಳ ಮಿತಿ ಬೇರೆ. ಅವು ಕಿವಿಗೆ ಕೇಳದ ಸದ್ದು ಬಿಟ್ಟು ಅದರ ಮಾರ್ದನಿ ಎಷ್ಟು ಬೇಗ ವಾಪಸ್ ಬರುತ್ತದೆ ಅಂತ ಅಳೆಯುತ್ತವೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಹಾಗಾಗಿ ಲೆಕ್ಕ ತಕ್ಷಣ ಸಿಗುತ್ತದೆ, ನೆಟ್ ಬೇಕಾಗಿಲ್ಲ. ಆದರೆ ಓರೆಯಾಗಿ ನಿಂತ ನುಣುಪಾದ ಗಾಜು ಸದ್ದನ್ನು ಬೇರೆ ಕಡೆ ತಿರುಗಿಸಿಬಿಡುತ್ತದೆ. ಮೆತ್ತನೆಯ ಬಟ್ಟೆ ಹೀರಿಕೊಳ್ಳುತ್ತದೆ. ಮುಂದಕ್ಕೆ ಗುರಿಯಿಟ್ಟ ಸೆನ್ಸರಿಗೆ ಕೆಳಗಿರುವ ಗುಂಡಿ ಗೊತ್ತಾಗುವುದಿಲ್ಲ. ಕೋಲು ಬಿಟ್ಟು ನಡೆಯಬಹುದು ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಜಿಪಿಎಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಅದನ್ನು ತೆಗೆದ ಮೇಲೆ ನಡೆಯುವವರಿಗೆ ಅದು ಹೆಚ್ಚು ಉಪಯೋಗಕ್ಕೆ ಬಂತು. ಈಗ ಬಯಲಿನಲ್ಲಿ ಫೋನು ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ತಪ್ಪು ಜಾಸ್ತಿ ಆಗುತ್ತದೆ. 5 ಮೀಟರ್ ಅಂದರೆ ರಸ್ತೆಯ ಆಚೆ ಬದಿ. "ನೀವು ತಲುಪಿದ್ದೀರಿ, ಬಾಗಿಲು ಎದುರಿಗಿದೆ" ಅಂತ ನನ್ನ ಸಾಧನ ಹೇಳುತ್ತಿತ್ತು, ಎದುರಿಗೆ ಇರುತ್ತಿದ್ದದ್ದು ಓಡಾಡುವ ವಾಹನಗಳು. ಯಾವ ಬೀದಿ, ಯಾವ ತಿರುವು ಅನ್ನುವುದಕ್ಕೆ ಜಿಪಿಎಸ್ ಸಾಕು. ಬಾಗಿಲನ್ನು ಕೋಲಿನಿಂದ, ಕಿವಿಯಿಂದ, ಯಾರನ್ನಾದರೂ ಕೇಳಿ ಹುಡುಕಬೇಕು.

ಇಷ್ಟೆಲ್ಲ ಆದ ಮೇಲೆ ಕಂಪನಿ ಸೇವೆಯನ್ನೇ ನಿಲ್ಲಿಸಿತು. ಒಂದು ಇಮೇಲ್ ಬಂತು, ಅಷ್ಟೇ. ಓದುವ ಕೆಲಸ ಅವರ ಸರ್ವರಿನಲ್ಲಿ ಆಗುತ್ತಿದ್ದುದರಿಂದ ಸಾಧನ ಈಗ ಆನ್ ಆಗಿ "ಲಾಗಿನ್ ಆಗಿ" ಅನ್ನುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಹಣ ವಾಪಸ್ ಕೇಳಿದರೆ ವಾರಂಟಿ ಯಂತ್ರಕ್ಕೆ ಮಾತ್ರ, ಸೇವೆಗೆ ಅಲ್ಲ ಅಂದರು.

ಇದು ನನಗೊಬ್ಬನಿಗೆ ಆದದ್ದಲ್ಲ. ಆರ್ಗಸ್ 2 ಅಂತ ಸ್ವಲ್ಪವಾದರೂ ಕಾಣಲಿ ಅಂತ ಕಣ್ಣಿನೊಳಗೆ ಕೂರಿಸುವ ಸಾಧನ ಇತ್ತು. ಅದನ್ನು ತಯಾರಿಸಿದ ಸೆಕೆಂಡ್ ಸೈಟ್ ಕಂಪನಿ ಕಷ್ಟಕ್ಕೆ ಸಿಕ್ಕಿ ಕೈಬಿಟ್ಟಾಗ, ಅದನ್ನು ಕಣ್ಣಲ್ಲಿ ಇಟ್ಟುಕೊಂಡವರು ರಿಪೇರಿಗೆ ದಿಕ್ಕಿಲ್ಲದೆ ಉಳಿದರು. 2022ರಲ್ಲಿ ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ಮೈಕ್ರೋಸಾಫ್ಟ್ 2018ರಲ್ಲಿ ತಂದ ಸೌಂಡ್‌ಸ್ಕೇಪ್ ಆಪ್ ದಾರಿ ಹೇಳುವುದರಲ್ಲಿ ತುಂಬ ಜನರಿಗೆ ಇಷ್ಟವಾಗಿತ್ತು. 2023ರಲ್ಲಿ ಅದನ್ನೂ ನಿಲ್ಲಿಸಿದರು. ಆದರೆ ಅವರು ಅದರ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟರು, ಬೇರೆಯವರು ಅದನ್ನೇ ಹಿಡಿದು ಹೊಸ ಆಪ್‌ಗಳನ್ನು ಕಟ್ಟಿದರು. ಇನ್ನೂ ಹಿಂದೆ ಹೋದರೆ ಆಪ್ಟಕಾನ್. 1971ರಲ್ಲಿ ಮಾರಾಟಕ್ಕೆ ಬಂದ ಆ ಸಾಧನದಲ್ಲಿ 144 ಚಿಕ್ಕ ಸೂಜಿಗಳು ಬೆರಳ ತುದಿಯಲ್ಲಿ ಕಂಪಿಸಿ ಅಕ್ಷರದ ಆಕಾರ ತಿಳಿಸುತ್ತಿದ್ದವು. 1996ರಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಜನ ಎಷ್ಟೋ ವರ್ಷ ಅದನ್ನು ಬಳಸಿದರು, ಯಾಕೆಂದರೆ ಬೇಕಾದದ್ದೆಲ್ಲ ಪೆಟ್ಟಿಗೆಯೊಳಗೇ ಇತ್ತು.

ಅದಕ್ಕೇ ಹೇಳುವುದು, ಸಾಧನ ಹೇಗೆ ಕೆಲಸ ಮಾಡುತ್ತದೆ ಅಂತ ಮಾರುವವರು ತೋರಿಸುತ್ತಾರೆ. ಕೆಲಸ ಮಾಡಲಾಗದಿದ್ದಾಗ ಅದು ಏನು ಮಾಡುತ್ತದೆ ಅಂತ ನೀವು ನೋಡಿ. ಮೊದಲು ಒಂದು ಖಾಲಿ ಹಾಳೆ ಹಿಡಿಯಿರಿ. "ಅಕ್ಷರ ಕಾಣುತ್ತಿಲ್ಲ" ಅನ್ನಬೇಕು. ಏನಾದರೂ ಓದಿದರೆ ಕೊಳ್ಳಬೇಡಿ, ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ. ಕ್ಯಾಮೆರಾಕ್ಕೆ ಬೆರಳು ಅಡ್ಡ ಇಟ್ಟು ಓದು ಅನ್ನಿ. ಹಾಳೆಯನ್ನು ತಲೆಕೆಳಗೆ ಮಾಡಿ, ಅರ್ಧ ಮಾತ್ರ ತೋರಿಸಿ, "ಅಂಚು ಕಾಣುತ್ತಿಲ್ಲ" ಅಂತ ಎಚ್ಚರಿಸುತ್ತದಾ ಕೇಳಿಸಿಕೊಳ್ಳಿ. ಅವರ ಹಾಳೆ ಬೇಡ. ನಿಮ್ಮ ಮನೆಯ ಬಿಲ್ಲು, ಸ್ಟ್ರಿಪ್, ಬಾಟಲಿ ತೆಗೆದುಕೊಂಡು ಹೋಗಿ. ಒಂದೇ ಹಾಳೆಯನ್ನು ಎರಡು ಸಲ ಓದಿಸಿ, ಎರಡು ಸಲವೂ ಒಂದೇ ಉತ್ತರ ಬರುತ್ತದಾ ನೋಡಿ. ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ವೈಫೈ ಆಫ್ ಮಾಡಿ, ಏನೇನು ಉಳಿಯುತ್ತದೆ ಪರೀಕ್ಷಿಸಿ. ಕಂಪನಿ ಮುಚ್ಚಿದ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಅಷ್ಟೇ.

ದಾರಿಯ ಸಾಧನ ಆದರೆ ಜೊತೆಗೊಬ್ಬರನ್ನು ಇಟ್ಟುಕೊಂಡು ನಡೆಯುತ್ತ ಬ್ಲೂಟೂತ್ ಆಫ್ ಮಾಡಿ. ತಕ್ಷಣ ಹೇಳಬೇಕು. ಕೆಲಸ ಮಾಡುತ್ತಿದ್ದೇನೆ ಅಂತ ಆಗಾಗ ಮೆಲ್ಲಗೆ ಟಿಕ್ ಅನ್ನುವ ಅಥವಾ ಕಂಪಿಸುವ ವ್ಯವಸ್ಥೆ ಇದ್ದರೆ ಅದು ಒಳ್ಳೆಯ ಗುರುತು. ಕಿವಿ ಮುಚ್ಚುವ ಇಯರ್‌ಫೋನ್ ಬೇಡವೇ ಬೇಡ, ವಾಹನದ ಸದ್ದು ನಮಗೆ ಬೇಕು. ಅದರ ಆಪ್ ಅನ್ನು ನಿಮ್ಮದೇ ಫೋನಿನಲ್ಲಿ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಹಾಕಿ ತೆರೆಯಿರಿ. ನನ್ನದರಲ್ಲಿ "ಬಟನ್, ಬಟನ್, ಬಟನ್" ಅಂತ ಮಾತ್ರ ಕೇಳುತ್ತಿತ್ತು. ಕಣ್ಣು ಕಾಣದವರಿಗಾಗಿ ಮಾಡಿದ ಸಾಧನದ ಸೆಟ್ಟಿಂಗ್ಸ್ ಬದಲಿಸಲು ಕಣ್ಣಿರುವವರನ್ನು ಕರೆಯಬೇಕಾಗಿತ್ತು.

ಕೊಳ್ಳುವ ಮುಂಚೆ ಫೋನಿನಲ್ಲಿ ಉಚಿತವಾಗಿ ಸಿಗುವುದನ್ನು ಬಳಸಿ ನೋಡಿ. ಸೀಯಿಂಗ್ ಎಐ, ಗೂಗಲ್‌ನ ಲುಕ್‌ಔಟ್ ಅಚ್ಚಾದ ಕಾಗದ ಓದುತ್ತವೆ. ಬಿ ಮೈ ಐಸ್‌ನಲ್ಲಿ ಕಣ್ಣಿರುವ ಸ್ವಯಂಸೇವಕರು ವಿಡಿಯೋ ಕರೆಯಲ್ಲಿ ನೋಡಿ ಹೇಳುತ್ತಾರೆ. ಖಾಲಿ ಹಾಳೆಯ ಪರೀಕ್ಷೆ ಈ ಆಪ್‌ಗಳಿಗೂ ಮಾಡಿ. ಔಷಧಿ ವಿಷಯದಲ್ಲಿ ಎಐ ಹೇಳಿದ್ದನ್ನು ನಾನು ಈಗ ಒಬ್ಬ ಮನುಷ್ಯರಿಂದ ಖಚಿತ ಮಾಡಿಕೊಳ್ಳದೆ ನುಂಗುವುದಿಲ್ಲ.

ಈಗಾಗಲೇ ಇಂಥ ಸಾಧನ ಬಳಸುತ್ತಿರುವವರು ಇವತ್ತೇ ಒಂದು ಕೆಲಸ ಮಾಡಿ. ಅದರಲ್ಲಿ ಉಳಿಸಿಟ್ಟ ಜಾಗಗಳು, ದಾರಿಗಳು, ಓದಿಸಿಟ್ಟ ಕಾಗದಗಳನ್ನು ಹೊರಗೆ ಕಾಪಿ ಮಾಡಿಕೊಳ್ಳಿ. ನನ್ನವೆಲ್ಲ ಆ ಸರ್ವರಿನ ಜೊತೆಗೇ ಹೋದವು. ಬಿಲ್ಲು, ಸೀರಿಯಲ್ ನಂಬರ್, ವಾರಂಟಿ ಕಾಗದ ಒಂದೇ ಕಡೆ ಇಡಿ. ತೊಂದರೆಯಾದಾಗ ಬರೀ ಫೋನಿನಲ್ಲಿ ಹೇಳಬೇಡಿ, ಇಮೇಲ್‌ನಲ್ಲಿ ಬರೆಯಿರಿ. ಸರ್ವರ್ ನಿಲ್ಲಿಸಿದರೆ ನಮ್ಮ ಗತಿ ಏನು ಅನ್ನುವ ಪ್ರಶ್ನೆಯನ್ನೂ ಅದೇ ಇಮೇಲ್‌ನಲ್ಲಿ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ.